ಅರ್ಧ ಒರೆಸಿದ ಮೇಜು

ಅತ್ತಿಗೆಯ ಚೂಡಿದಾರದ ಎರಡೂ ಮೊಣಕಾಲುಗಳ ಮೇಲೆ ಯಾವಾಗಲೂ ಧೂಳಿನ ದುಂಡು ಕಲೆಗಳಿರುತ್ತಿದ್ದವು. ಕೈ ತೊಳೆದು, ಮುಖ ತೊಳೆದು, ಕೂದಲಿಗೆ ಅಂಟಿದ ಜೇಡರ ಬಲೆ ಬಿಡಿಸಿಕೊಂಡು ಊಟಕ್ಕೆ ಬಂದು ಕೂರುವವರಿಗೆ ಮೊಣಕಾಲು ಮಾತ್ರ ಮರೆತುಹೋಗುತ್ತಿತ್ತು. ಒಮ್ಮೆ ನೆಂಟರ ಮದುವೆಯಲ್ಲಿ ಅವರ ರೇಷ್ಮೆ ಸೀರೆಯ ಮೇಲೂ ಅದೇ ಜಾಗದಲ್ಲಿ ಅದೇ ಕಲೆ ಕಂಡಿತು. ಛತ್ರದ ಹಿಂದೆ ಬೀಗ ಜಡಿದಿದ್ದ ಹಳೆಯ ಅಡುಗೆಮನೆಯೊಂದನ್ನು ತೆಗೆಸಿ ನೋಡಿ ಬಂದಿದ್ದರಂತೆ. ನಮ್ಮ ದೊಡ್ಡತ್ತೆ, "ಎಂತ ಮಾರಾಯ್ತಿ, ಮದುವೆಗೆ ಬಂದು ನೆಲ ಒರೆಸಿದ್ದಾ?" ಎಂದು ಎಲ್ಲರೆದುರು ಕೇಳಿದರು. ಅತ್ತಿಗೆ ಕಲೆಯನ್ನು ನೋಡಿಕೊಂಡು ನಕ್ಕು, "ಇಲ್ಲ ಅತ್ತೆ, ಯಾರೂ ಒರೆಸದೆ ಬಿಟ್ಟಿದ್ರಲ್ಲ, ಅದಕ್ಕೇ ಅಷ್ಟು ಚೆನ್ನಾಗಿತ್ತು" ಎಂದರು. ಪಂಕ್ತಿಯೇ ನಕ್ಕಿತು. ನಾನು ನಗಲಿಲ್ಲ ಎಂದು ನನ್ನ ನೆನಪು. ನನ್ನ ನೆನಪನ್ನು ಎಷ್ಟು ನಂಬಬೇಕು ಎನ್ನುವುದಕ್ಕೆ ಮುಂದೆ ಬರುತ್ತೇನೆ.

ಅವರು ಅಣ್ಣನ ಹೆಂಡತಿ, ಮೈಸೂರಿನ ಕಡೆಯವರು. ವಾರದ ದಿನಗಳಲ್ಲಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಭಾನುವಾರ ಬಂತೆಂದರೆ ಟ್ರೈಪಾಡನ್ನು ಸ್ಕೂಟರಿಗೆ ಕಟ್ಟಿಕೊಂಡು ಶೋಳಿಂಗನಲ್ಲೂರಿನ ಫ್ಲ್ಯಾಟಿನಿಂದ ಹೊರಟು, ಜನ ಬಿಟ್ಟುಹೋದ ಜಾಗಗಳ ಒಳಗನ್ನು ಛಾಯಾಚಿತ್ರ ತೆಗೆಯುತ್ತಿದ್ದರು. ಖಾಲಿ ಮನೆ, ಶಟರು ಎಳೆದ ಅಂಗಡಿ, ಕೆಡವಲು ಕಾದಿರುವ ಕ್ಲಿನಿಕ್ಕು, ನಿಂತುಹೋದ ಸಿನಿಮಾ ಟಾಕೀಸಿನ ಟಿಕೆಟ್ ಕೋಣೆ. ಚೆನ್ನೈನಲ್ಲಿ ಇಂಥವಕ್ಕೆ ಬರವಿಲ್ಲ. ಅಣ್ಣ ಬಾಲ್ಕನಿಯಿಂದ "ಮಾಸ್ಕ್ ಹಾಕ್ಕೊಂಡ್ಯಾ?" ಎಂದು ಕೂಗುತ್ತಿದ್ದ. ಅವರು "ಹ್ಞೂಂ ರೀ" ಎಂದು ಅದನ್ನು ಚೀಲದಲ್ಲೇ ಬಿಡುತ್ತಿದ್ದರು.

ನಾವು ಮೂಲತಃ ಕುಂದಾಪುರದ ಕಡೆಯವರಾದರೂ ಅಜ್ಜನ ಕಾಲದಿಂದ ಮದರಾಸಿನವರು. ಪುರಸವಾಕಂನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲಿತ್ತು. ಅಜ್ಜನ ನಂತರ ಅಪ್ಪ ಅದನ್ನು ನಡೆಸಿದ. ನಾನು ಗಲ್ಲಾದ ಹಿಂದೆ ಕೂರದೆ ವಿಶ್ವವಿದ್ಯಾಲಯಕ್ಕೆ ಹೋದೆ, ಇತಿಹಾಸ ಓದಿದೆ, ಈಗ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಕಣ್ಣಾರೆ ಕಂಡೆ ಎನ್ನುವವರ ನೆನಪನ್ನು ಎಷ್ಟು ನಂಬಬಹುದು ಎನ್ನುವುದು ನನ್ನ ಸಂಶೋಧನೆಯ ವಿಷಯ. ಹೆಚ್ಚು ನಂಬಬಾರದು ಎನ್ನುವುದು ಅದರ ಸಾರಾಂಶ.

ಅತ್ತಿಗೆಯ ಬಗ್ಗೆ ನನಗೆ ಹೊಟ್ಟೆಕಿಚ್ಚಿತ್ತು. ಈಗಲೂ ಇದೆ. ತೀರಿಕೊಂಡವರ ಮೇಲಿನ ಹೊಟ್ಟೆಕಿಚ್ಚು ಆರುವುದು ಇನ್ನೂ ಕಷ್ಟ. ಅವರು ಇನ್ನು ಮುಂದೆ ಯಾವ ತಪ್ಪೂ ಮಾಡುವುದಿಲ್ಲವಲ್ಲ.

ಕ್ಯಾಮೆರಾ ಮೊದಲು ಇದ್ದದ್ದು ನನ್ನ ಬಳಿ. ಹಳೆಯ ಕಟ್ಟಡಗಳನ್ನು ದಾಖಲಿಸುತ್ತೇನೆ ಎಂದು ಜಾರ್ಜ್ ಟೌನು, ಟ್ರಿಪ್ಲಿಕೇನು ಸುತ್ತುತ್ತಿದ್ದೆ. ಒಂದು ಸಲ ಅತ್ತಿಗೆಯೂ ಜೊತೆಗೆ ಬಂದರು. ಅವತ್ತು ನೋಡಬೇಕಿದ್ದದ್ದು ಮುಚ್ಚಿಹೋದ ಒಂದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟು. ನಾನು ಬೋರ್ಡಿನ ಚಿತ್ರ ತೆಗೆದೆ, ಬಾಗಿಲಿನದು ತೆಗೆದೆ, ಕೋಣೆಯನ್ನು ನಾಲ್ಕು ಮೂಲೆಗಳಿಂದ ತೆಗೆದೆ. ಅತ್ತಿಗೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕೂತರು. ಬೀಗದ ಕೈ ಹಿಡಿದು ನಿಂತಿದ್ದ ಮುದುಕ ಮಾಲೀಕರು ಸ್ವಲ್ಪ ಹೊತ್ತು ನೋಡಿ, ಪಂಚೆ ಸರಿಮಾಡಿಕೊಂಡು ತಾವೂ ಕೂತರು. ಅತ್ತಿಗೆ ತಮ್ಮ ಹರಕು ತಮಿಳಿನಲ್ಲಿ, "ಇಂಗೆ ಯಾರ್ ಉಕ್ಕಾರುವಾಂಗ ಸಾರ್?" ಎಂದು ಕೇಳಿದರು. ಅವರು ಯಾರು ಎಲ್ಲಿ ಕೂರುತ್ತಿದ್ದರು ಎಂದು ಕೈ ಮಾಡಿ ತೋರಿಸತೊಡಗಿದರು. ಮಾತು ಬಹಳ ಹೊತ್ತು ನಡೆಯಿತು. ಆಮೇಲೆ ಅತ್ತಿಗೆ ನನ್ನ ಕಡೆ ತಿರುಗಿ, "ನಿನ್ನ ಕ್ಯಾಮೆರಾ ಒಂದ್ನಿಮಿಷ ಕೊಡ್ತೀಯೇನೋ?" ಎಂದರು. ಮೊಣಕಾಲೂರಿ ಒಂದೇ ಒಂದು ಚಿತ್ರ ತೆಗೆದು ವಾಪಸು ಕೊಟ್ಟರು.

ಮನೆಗೆ ಬಂದು ನೋಡಿದೆ. ಖಾಲಿ ಬೆಂಚು, ಅದರ ಹಿಂದೆ ಸುಣ್ಣದ ಗೋಡೆ, ಗೋಡೆಯ ಮೇಲೆ ತಲೆಯೆಣ್ಣೆಯ ಕಲೆಗಳ ಸಾಲು. ತಮ್ಮ ಸರದಿಗೆ ಕಾದು ಕೂತ ಹುಡುಗ ಹುಡುಗಿಯರು ತಲೆ ಆನಿಸಿದ ಗುರುತು. ಒಂದೊಂದೂ ಒಂದೊಂದು ಎತ್ತರದಲ್ಲಿತ್ತು. ನಾನೂ ಅದೇ ಕೋಣೆಯಲ್ಲಿ ಅರ್ಧ ಬೆಳಿಗ್ಗೆ ನಿಂತಿದ್ದೆ. ಗೋಡೆ ತೇವ ಹಿಡಿದಿದೆ ಎಂದುಕೊಂಡಿದ್ದೆ.

"ನಿಂತ್ರೆ ಕಾಣಲ್ಲ ಕಣೋ. ಕೂರಬೇಕು," ಎಂದರು ಅತ್ತಿಗೆ, ಚಿತ್ರ ತೋರಿಸಿದಾಗ. ಅವರು ಅದನ್ನು ಸಲಹೆಯಂತೆ ಹೇಳಿದರು. ನನಗೆ ಅದು ಬಹುಮಾನ ಕೊಡದೆ ಕಳಿಸುವಾಗ ಬೆನ್ನು ತಟ್ಟಿದ ಹಾಗಿತ್ತು. ಮುಂದಿನ ಸಲ ಊಟಕ್ಕೆ ಬಂದಾಗ, "ಕ್ಯಾಮೆರಾ ನೀವೇ ಇಟ್ಕೊಳ್ಳಿ ಅತ್ತಿಗೆ" ಎಂದೆ. ಮನಸ್ಸಿನಿಂದ ಹೇಳಿದೆನೋ, ಅವರು ಬೇಡ ಎನ್ನಲಿ ಎಂದು ಹೇಳಿದೆನೋ, ಈಗ ತಿಳಿಯದು. ಅವರು ಬೇಡ ಎನ್ನಲಿಲ್ಲ.

ಅವರ ಕೆಲಸಕ್ಕೆ ಒಂದೇ ನಿಯಮ. ಏನನ್ನೂ ಮುಟ್ಟಬಾರದು. ಬಿದ್ದ ಕ್ಯಾಲೆಂಡರು ಬಿದ್ದೇ ಇರಬೇಕು, ಮುಚ್ಚಿದ ಕಿಟಕಿ ಮುಚ್ಚಿಯೇ ಇರಬೇಕು. ಕಿಲ್ಪಾಕದ ಒಂದು ಮನೆಯಲ್ಲಿ ದಾರಿಗೆ ಅಡ್ಡವಿದ್ದ ಕುರ್ಚಿಯನ್ನು ನಾನು ಕಾಲಿನಿಂದ ಒಂದಿಷ್ಟು ಸರಿಸಿದೆ. ಅವರು ಕ್ಯಾಮೆರಾ ಚೀಲದೊಳಗೆ ಹಾಕಿಬಿಟ್ಟರು.

"ಅಲ್ಲೇ ವಾಪಸು ಇಡ್ತೀನಿ ಅತ್ತಿಗೆ."

"ಅಲ್ಲೇ ಇಟ್ರೂ ಅದೀಗ ನೀನು ಇಟ್ಟ ಕುರ್ಚಿ ಆಯ್ತಲ್ಲೋ," ಎಂದು ನಕ್ಕರು. ಸಿಟ್ಟಿರಲಿಲ್ಲ. ಆ ಕೋಣೆಯ ಚಿತ್ರ ಮಾತ್ರ ಅವರು ತೆಗೆಯಲೇ ಇಲ್ಲ.

ಇದೆಲ್ಲ ಸಹಿಸಬಹುದಾದ ಹೊಟ್ಟೆಕಿಚ್ಚು. ಸಹಿಸಲಾಗದ್ದು ಅಪ್ಪನ ವಿಷಯದ್ದು. ಅಣ್ಣಾ ನಗರದ ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ ಇದ್ದೆವು. ನಮ್ಮ ನಡುವೆ ಇದ್ದ ಮಾತು ಬಿ.ಪಿ. ಮಾತ್ರೆ, ಪೇಪರು, ಗ್ಯಾಸ್ ಬುಕ್ಕಿಂಗು. ಒಂದು ಕಾಲದಲ್ಲಿ ಅಪ್ಪ ಕತೆ ಹೇಳುತ್ತಿದ್ದ. ಅಜ್ಜ ರೈಲಿಳಿದು ಮೊದಲು ಕೆಲಸಕ್ಕೆ ನಿಂತ ಅಡುಗೆಮನೆ, ಮೊದಲ ಸಲ ಹಿಟ್ಟು ಹುಳಿ ಬಾರದೆ ಅತ್ತದ್ದು. ನಾನು ಓದಿಕೊಂಡ ಹೊಸತರಲ್ಲಿ, "ಅದು ಯಾವ ವರ್ಷ? ನಿನಗೆ ಯಾರು ಹೇಳಿದ್ದು? ಅಜ್ಜನೇ ಹೇಳಿದ್ದಾ, ಅಜ್ಜಿಯಾ?" ಎಂದು ಕೇಳುತ್ತಿದ್ದೆ. ಅಪ್ಪ ಯೋಚಿಸುತ್ತಿದ್ದ, ತಡವರಿಸುತ್ತಿದ್ದ, "ಹೋಗ್ಲಿ ಬಿಡು ಮಾರಾಯ" ಎನ್ನುತ್ತಿದ್ದ. ಹಾಗೆ ಕತೆಗಳು ಒಂದೊಂದಾಗಿ ನಿಂತವು. ಅತ್ತಿಗೆ ಬಂದ ಮೇಲೆ ಅವೇ ಕತೆಗಳು ಮತ್ತೆ ಹೊರಟವು. ಭಾನುವಾರ ಮಧ್ಯಾಹ್ನ ಅವರಿಬ್ಬರೂ ಹಜಾರದಲ್ಲಿ ಕೂತಿದ್ದರೆ, ನನ್ನ ಕೋಣೆಯ ಬಾಗಿಲಿನಾಚೆಯಿಂದ ನಾನು ಎಂದೂ ಕೇಳದ ಸಂಗತಿಗಳು ಬರುತ್ತಿದ್ದವು. ಅತ್ತಿಗೆ ಇಸವಿ ಕೇಳುತ್ತಿರಲಿಲ್ಲ. "ಆಮೇಲೆ ಮಾವ?" ಎನ್ನುತ್ತಿದ್ದರು, ಅಷ್ಟೇ.

ಕಟ್ಟಡದ ಒಡೆಯರು ಅದನ್ನು ಕೆಡವಿ ಫ್ಲ್ಯಾಟು ಕಟ್ಟಲು ಹೊರಟಾಗ ಹೋಟೆಲು ಮುಚ್ಚಿತು. ಕೊರೊನಾಕ್ಕೆ ಮೊದಲಿನ ಮಾತು. ಕೆಲವು ತಿಂಗಳು ಅದು ಹಾಗೇ ಬೀಗ ಹಾಕಿಕೊಂಡಿತ್ತು. ಅದರ ಒಳಗನ್ನು ಒಮ್ಮೆ ಫೋನಿನಲ್ಲಾದರೂ ಚಿತ್ರ ತೆಗೆಯುತ್ತೇನೆ ಎಂದು ಮೊದಲು ಕೇಳಿದವನು ನಾನು.

"ಎಂತಕ್ಕೆ? ಮುಚ್ಚಿದ್ದು ಮುಚ್ಚಿತು. ಹೆಣದ ಫೋಟೋ ತೆಗೆದು ಗೋಡೆಗೆ ಹಾಕುದುಂಟಾ?" ಎಂದ ಅಪ್ಪ, ಪೇಪರಿನಿಂದ ತಲೆಯೆತ್ತದೆ.

ಅದೇ ವಾರವೋ ಮುಂದಿನ ವಾರವೋ ಅತ್ತಿಗೆ, "ಮಾವ, ನಮ್ಮ ಹೋಟ್ಲು ಒಂದ್ಸಲ ನೋಡ್ಬೇಕಿತ್ತು" ಎಂದರು.

"ಅದಕ್ಕೆ ಕೇಳುದು ಎಂತ? ನಿಂದೇ ಹೋಟ್ಲು. ಯಾವಾಗ ಬರ್ತಿ ಮಗಾ, ಹೇಳು."

ನಾನು ಅಲ್ಲೇ ಕೂತಿದ್ದೆ. ಈ ನೆನಪಿನ ಬಗ್ಗೆ ನನಗೆ ಸಂಶಯವಿಲ್ಲ. ಉರಿದದ್ದು ಬೇಗ ಮರೆಯುವುದಿಲ್ಲ.

ಆ ದಿನ ನಡೆದದ್ದನ್ನು ಅತ್ತಿಗೆ ಎಷ್ಟೋ ಸಲ ಹೇಳಿದ್ದಾರೆ. ಅವರು ಹೇಳುತ್ತಿದ್ದದ್ದು ಹೀಗೆ: "ಬಾಗಿಲು ತಳ್ಳಿದ್ರೆ ಮಾವ ನನಗಿಂತ ಮುಂಚೆ ಬಂದು, ಪಂಚೆ ಎತ್ತಿ ಕಟ್ಕೊಂಡು ಮೇಜು ಒರೆಸ್ತಾ ಇದಾರೆ! ನನಗೆ ಜೀವ ಹೋದ ಹಾಗಾಯ್ತು. 'ಅಯ್ಯೋ ಮಾವ, ನನಗೆ ಆ ಧೂಳೇ ಬೇಕಿತ್ತು' ಅಂದೆ. 'ಎಂತ ಧೂಳು? ಮನುಷ್ಯರು ಬರ್ತಾರೆ ಅಂದ್ರೆ ಒರೆಸದೆ ಇರ್ಲಿಕ್ಕೆ ಆಗ್ತದಾ? ಹೆಲ್ತ್ ಇನ್ಸ್‌ಪೆಕ್ಟರ್ ಎದ್ರು ಹೋಗದ ಮರ್ಯಾದೆ ಸೊಸೆ ಎದ್ರು ಹೋಗುದಾ?' ಅಂತ ಇನ್ನೊಂದು ಸಲ ಬಟ್ಟೆ ಹಿಂಡಿದ್ರು."

ಅತ್ತಿಗೆ ಬೈಯಲಿಲ್ಲ, ಕ್ಯಾಮೆರಾ ಒಳಗಿಡಲೂ ಇಲ್ಲ. ನೆಲದ ಮೇಲೆ ಕೂತು, "ಸಾಕು ಮಾವ, ಬನ್ನಿ ಕೂತ್ಕೊಳಿ" ಎಂದರಂತೆ. ಅಪ್ಪ ಒಂದು ಮೇಜಿನ ನಡುವೆಯೇ ಕೈ ನಿಲ್ಲಿಸಿ, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಅವರ ಪಕ್ಕ ಕೂತ. ಮೇಜಿನ ಒದ್ದೆ ಆರುವುದರೊಳಗೆ ಎಷ್ಟೋ ಮಾತಾಡಿದ. ಮಾತು ಮುಗಿದ ಮೇಲೆ ಅಪ್ಪ ಹೊರಗೆ ಹೋಗಿ ನಿಂತ. ಅತ್ತಿಗೆ ಮೊಣಕಾಲೂರಿದರು.

ಆ ಚಿತ್ರವನ್ನು ನೀವೂ ಎಲ್ಲಾದರೂ ನೋಡಿರಬಹುದು. ಉದ್ದನೆಯ ಹಾಲ್, ಅಮೃತಶಿಲೆ ಹಾಸಿನ ಮೇಜುಗಳ ಸಾಲು. ಎಡಗಡೆಯವು ಹೊಳೆಯುತ್ತವೆ, ಬಲಗಡೆಯವು ಬೂದು ಬಣ್ಣದ ಧೂಳು ಹೊದ್ದಿವೆ. ನಡುವಿನ ಒಂದು ಮೇಜು ಅರ್ಧ ಒರೆಸಿದ್ದು. ಅದರ ಮೇಲೆ ಬಟ್ಟೆ ತಿರುಗಿದ ಒದ್ದೆ ಗುರುತು ಬಿಲ್ಲಿನ ಹಾಗೆ ಬಾಗಿ, ಥಟ್ಟನೆ ನಿಲ್ಲುತ್ತದೆ. ಮನುಷ್ಯರು ಯಾರೂ ಇಲ್ಲ. ಅತ್ತಿಗೆಯ ಯಾವ ಚಿತ್ರದಲ್ಲೂ ಇರುವುದಿಲ್ಲ. "ಜನ ಇದ್ರೆ ಜನಾನೇ ನೋಡ್ತಾರೆ" ಎನ್ನುತ್ತಿದ್ದರು.

ಆಮೇಲೆ ಕಟ್ಟಡ ಬಿತ್ತು. ಮರುವರ್ಷ ಅಪ್ಪ ಹೋದ. ಅಂದರೆ, ತನ್ನ ಬದುಕೆಲ್ಲ ಕಳೆದ ಆ ಹೋಟೆಲಿನಲ್ಲಿ ಅಪ್ಪ ಕೊನೆಯ ಸಲ ನಿಂತದ್ದು ಅವತ್ತು. ಕೊನೆಯ ಮೇಜು ಒರೆಸಿದ್ದು ಅವತ್ತು.

ಮತ್ತು ಅವತ್ತು ನಾನೂ ಅಲ್ಲಿದ್ದೆ.

ಹೀಗೆಂದು ನಾನು ಹಲವು ವರ್ಷ ನಂಬಿದ್ದೆ. ಬಾಗಿಲ ಬಳಿ ನಾನು ನಿಂತಿದ್ದೇನೆ. ಒದ್ದೆ ಬಟ್ಟೆಯ ಹುಳಿ ವಾಸನೆ ಬರುತ್ತಿದೆ. ಬಿಸಿನೀರಿನ ಹಬೆ ಮೇಲೇಳುತ್ತಿದೆ, ಅದರಾಚೆ ಅಪ್ಪನ ಮುಖ. ನಾನು "ಸಾಕು ಅಪ್ಪ" ಎನ್ನುತ್ತೇನೆ. ಅಪ್ಪನ ಕೈ ನಿಲ್ಲುತ್ತದೆ. ಆ ಒದ್ದೆ ಬಿಲ್ಲು ಅಲ್ಲಿ ತುಂಡಾಗಿರುವುದು ನನ್ನ ಮಾತಿಗೆ.

ಇದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆಳ್ವಾರ್‌ಪೇಟೆಯ ಗ್ಯಾಲರಿಯಲ್ಲಿ, ಅತ್ತಿಗೆಯ ಚಿತ್ರಗಳ ಪ್ರದರ್ಶನ ನಡೆದಾಗ. ಗ್ಯಾಲರಿಯವರು ಬೇಡವೆಂದರೂ ಅತ್ತಿಗೆ ಚಿತ್ರಗಳನ್ನು ತಗ್ಗಿನಲ್ಲಿ, ಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ತೂಗುಹಾಕಿಸಿದ್ದರು. ಪ್ರತಿ ಚಿತ್ರದ ಮುಂದೆ ಒಂದು ಸ್ಟೂಲು. ಜನ ಸಾಲಾಗಿ ಕೂತು ಅಪ್ಪನ ಮೇಜು ನೋಡುತ್ತಿದ್ದರು. ನಾನು ಕೂರಲಿಲ್ಲ, ನಿಂತೇ ಬಗ್ಗಿ ನೋಡಿದೆ. ನನ್ನ ಕಾಲೇಜಿನ ಸಹೋದ್ಯೋಗಿಯೊಬ್ಬರು ಬಂದಿದ್ದರು. ನನ್ನನ್ನು ಯಾರೋ ಅವರಿಗೆ "ಕಲಾವಿದರ ಮೈದುನ" ಎಂದು ಪರಿಚಯಿಸಿದ್ದರು. ಹನ್ನೆರಡು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತವರಿಗೆ! ನಾನು ಆ ಚಿತ್ರ ತೋರಿಸಿ, "ಅವತ್ತು ನಾನೂ ಅಲ್ಲಿದ್ದೆ. ಸಾಕು ಎಂದು ಅಪ್ಪನನ್ನು ನಿಲ್ಲಿಸಿದ್ದೇ ನಾನು" ಎಂದೆ.

ಅಣ್ಣ ಹಿಂದೆಯೇ ಇದ್ದ. "ನೀನೆಲ್ಲಿದ್ದೆ ಮಾರಾಯ? ನಿಂಗೆ ಅವತ್ತು ಯಾವುದೋ ಎಂಟ್ರೆನ್ಸ್ ಪರೀಕ್ಷೆ ಡ್ಯೂಟಿ ಅಲ್ವಾ? ಚುಮ್ಮಾ ಏನೇನೋ ಹೇಳ್ಬೇಡ."

"ಇದ್ದೆ," ಎಂದೆ. ದನಿ ಜೋರಾಯಿತು. ಸ್ಟೂಲಿನ ಮೇಲಿದ್ದವರು ತಿರುಗಿ ನೋಡಿದರು.

ಅತ್ತಿಗೆ ನನ್ನನ್ನೇ ನೋಡುತ್ತಿದ್ದರು, ಖಾಲಿ ಕೋಣೆಯೊಂದನ್ನು ನೋಡುವಂತೆ. "ಇರ್ಲಿ ಬಿಡಿ ರೀ," ಎಂದು ಅಣ್ಣನ ತೋಳು ಹಿಡಿದು ಕರೆದುಕೊಂಡು ಹೋದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಅಣ್ಣನ ಮಾತು ನನ್ನನ್ನು ಬಿಡಲಿಲ್ಲ. ಬೇರೆಯವರಿಂದ ಕೇಳಿದ ಕತೆಯೊಳಗೆ ಮನುಷ್ಯ ತಾನೇ ನಡೆದು ಹೋಗಿ ನಿಲ್ಲುತ್ತಾನೆ, ಆಮೇಲೆ ಕಂಡೆ ಎಂದು ಪ್ರಮಾಣ ಮಾಡುತ್ತಾನೆ ಎಂದು ವರ್ಷವರ್ಷವೂ ತರಗತಿಯಲ್ಲಿ ಹೇಳುವವನು ನಾನೇ. ಆದರೂ ನನ್ನ ಬಳಿ ಒಂದು ಸಾಕ್ಷ್ಯವಿತ್ತು. ಹಬೆ. ಅತ್ತಿಗೆಯ ಚಿತ್ರದಲ್ಲಿ ಹಬೆಯಿಲ್ಲ. ಅವರು ಹೇಳುವ ಕತೆಯಲ್ಲಿ ಬಿಸಿನೀರಿನ ಮಾತೇ ಇಲ್ಲ. ನೋಡದಿದ್ದರೆ ನನಗೆ ಅದು ಹೇಗೆ ಗೊತ್ತು? ಆ ಹಬೆಯೊಂದು ನನ್ನದು ಎಂದು ಇಟ್ಟುಕೊಂಡೆ. ಅತ್ತಿಗೆಯ ಬಳಿ ಅಪ್ಪನ ಕತೆಗಳೆಲ್ಲ ಇದ್ದವು. ನನ್ನ ಬಳಿ ಇದ್ದದ್ದು ಆ ಒಂದು ಬೆಳಿಗ್ಗೆ.

ಅತ್ತಿಗೆಗೆ ಶ್ವಾಸಕೋಶದ ಕಾಯಿಲೆ ಬಂತು. ಧೂಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರೂ ನಮ್ಮ ದೊಡ್ಡತ್ತೆ ಒಪ್ಪಲಿಲ್ಲ. ಕೊನೆಯ ತಿಂಗಳುಗಳಲ್ಲಿ ನಾನು ಮಧ್ಯಾಹ್ನದ ಹೊತ್ತು ಹೋಗಿ ಕೂರುತ್ತಿದ್ದೆ. ಅಣ್ಣ ಪೆರುಂಗುಡಿಯ ಆಫೀಸಿಗೆ, ಅವರ ಮಗಳು ಕಾಲೇಜಿಗೆ ಹೋಗಿರುತ್ತಿದ್ದರು. ಅಂಥ ಒಂದು ಮಧ್ಯಾಹ್ನ "ಒಂದು ಕೇಳ್ಲಾ?" ಎಂದೆ.

"ಬೇಡ ಅಂದ್ರೆ ಬಿಡ್ತೀಯಾ?"

"ಅವತ್ತು ಹೋಟ್ಲಲ್ಲಿ ನಾನು ಇರ್ಲಿಲ್ವಾ ಅತ್ತಿಗೆ?"

ಅವರು ಕಿಟಕಿಯ ಕಡೆ ನೋಡಿದರು. ಇದ್ದೆ ಎಂಬ ಒಂದು ಮಾತು ಸಾಕಿತ್ತು. ಸಾಯುವವರು ಬದುಕುವವರಿಗೆ ಅಷ್ಟು ಕೊಡಬಹುದು, ಯಾರೂ ತಪ್ಪೆನ್ನುವುದಿಲ್ಲ.

"ಇರ್ಲಿಲ್ಲ ಕಣೋ," ಎಂದರು.

ನಾನು ಹಬೆಯ ವಾದ ತೆಗೆದೆ. ಕಾಯಿಲೆಯವರ ಎದುರು ಕೂತು ವಕೀಲನ ಹಾಗೆ ಬೆರಳು ಮಡಿಸುತ್ತ ಹೇಳಿದೆ. ಅವರು ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದರು:

"ಬಿಸಿನೀರು ನಿಜ. ಮಾರ್ಬಲ್ ಜಿಡ್ಡು ತಣ್ಣೀರಿಗೆ ಹೋಗಲ್ಲ ಅಂದ್ರು ಮಾವ. ಆದ್ರೆ ಅಲ್ಲಿ ಗ್ಯಾಸೆಲ್ಲ ತೆಗೆದು ಎಷ್ಟು ಕಾಲ ಆಗಿತ್ತು. ನೀರು ಎಲ್ಲಿಂದ ಬಂತು ಅಂದ್ಕೊಂಡಿದ್ದೀಯ? ಮನೆಯಿಂದ ಫ್ಲಾಸ್ಕಲ್ಲಿ ತಂದಿದ್ರು. ನಿನ್ನ ಹಾಸ್ಟೆಲ್ ಫ್ಲಾಸ್ಕು, ಮುಚ್ಚಳ ಸೊಟ್ಟಗಿರೋದು. ಬೆಳಿಗ್ಗೆ ಕಾಯಿಸಿ ತುಂಬಿಸಿ ಕೊಟ್ಟಿದ್ದು ನೀನು."

ನಾನು ಮಡಿಸಿದ್ದ ಬೆರಳುಗಳನ್ನು ಬಿಡಿಸಿದೆ.

"'ಚಿಕ್ಕವ ಕಾಯಿಸಿ ಕೊಟ್ಟ ಮಗಾ. ಎಂತಕ್ಕೆ ಅಂತ ಕೇಳ್ಲಿಲ್ಲ. ಇವತ್ತು ಒಂದಿನ ಕೇಳ್ಲೇ ಇಲ್ಲ' ಅಂದ್ರು. ನೆಲದ ಮೇಲೆ ಕೂತ ಮೇಲೆ ಮತ್ತೊಂದ್ಸಲ ಅದನ್ನೇ ಹೇಳಿದ್ರು. ಭಾರಿ ಖುಷಿಯಲ್ಲಿದ್ರು ಕಣೋ."

"ಮತ್ತೆ ನನ್ನನ್ನ ಯಾಕೆ ಕರೀಲಿಲ್ಲ?"

"ನಾನೂ ಕೇಳ್ದೆ. 'ಅವ ಬಂದ್ರೆ ಸುರು ಮಾಡ್ತಾನೆ, ಈ ಮೇಜು ಯಾವ ವರ್ಷದ್ದು, ಆ ಗಡಿಯಾರ ಯಾರು ತಂದದ್ದು. ಇವತ್ತು ನನ್ನ ಹತ್ರ ಉತ್ತರ ಹೇಳ್ಲಿಕ್ಕೆ ಆಗುದಿಲ್ಲ' ಅಂದ್ರು."

"ಇಷ್ಟು ವರ್ಷ ನೀವ್ಯಾಕೆ ಹೇಳ್ಲಿಲ್ಲ?"

"ನೀನು ಅಲ್ಲಿ ನಿಂತ್ಕೊಂಡು ಬಿಟ್ಟಿದ್ದೆಯಲ್ಲ," ಎಂದರು. "ನಾನು ಯಾವತ್ತು ಏನು ಸರಿಸಿದ್ದೀನಿ ಹೇಳು? ಇವತ್ತು ನೀನಾಗೇ ಕೇಳ್ದೆ."

ಆ ಬೆಳಿಗ್ಗೆ ನೀರು ಕಾಯಿಸಿದ್ದು ನನಗೆ ನೆನಪಿಲ್ಲ. ಎಷ್ಟು ಹುಡುಕಿದರೂ ಸಿಕ್ಕುವುದಿಲ್ಲ. ಹಬೆ ಮಾತ್ರ ಇದೆ, ಅದರಾಚೆ ಅಪ್ಪನ ಮುಖ ಇದೆ. ಅದು ನಮ್ಮ ಅಡುಗೆಮನೆಯ ಹಬೆ ಇರಬೇಕು. ಅಪ್ಪ ಫ್ಲಾಸ್ಕಿಗೆ ಕೈ ಚಾಚಿ ಒಲೆಯ ಪಕ್ಕ ನಿಂತದ್ದಿರಬೇಕು. ಯಾವಾಗಲೋ ಅದನ್ನು ಅಲ್ಲಿಂದ ಎತ್ತಿ ತಂದು ಹೋಟೆಲಿನಲ್ಲಿ ಇಟ್ಟುಬಿಟ್ಟಿದ್ದೇನೆ. ಕಿಲ್ಪಾಕದ ಕುರ್ಚಿಯ ಹಾಗೆ.

ಅತ್ತಿಗೆಗೆ ನಾನು ಋಣಿ ಎಂದು ಬರೆಯಬೇಕಾದ ಜಾಗ ಇದು. ಋಣಿಯೇ. ನಾನು ಅಪ್ಪನಿಗೆ ಒಂದು ದಿನ ಇಷ್ಟವಾಗಿದ್ದೆ ಎಂಬುದು ಅವರಿಲ್ಲದಿದ್ದರೆ ಈ ಭೂಮಿಯ ಮೇಲೆ ಯಾರಿಗೂ ಗೊತ್ತಿರುತ್ತಿರಲಿಲ್ಲ, ನನಗೂ. ಆದರೆ ನಿಜ ಹೇಳಬೇಕು. ಅಂದು ಬಸ್ಸಿನಲ್ಲಿ ಅಣ್ಣಾ ನಗರಕ್ಕೆ ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನನ್ನು ಸುಟ್ಟದ್ದು ಅದೇ. ನನ್ನ ಬಗ್ಗೆ ಅಪ್ಪ ಆಡಿದ ಒಂದು ಒಳ್ಳೆಯ ಮಾತು, ಅದನ್ನೂ ಅವನು ಅವರಿಗೇ ಹೇಳಿದ್ದ.

ಮಳೆಗಾಲ ಶುರುವಾಗುವ ಮೊದಲು ಅತ್ತಿಗೆ ಹೋದರು. ಹದಿಮೂರನೆಯ ದಿನ ನಮ್ಮ ಕಡೆಯ ಹೆಂಗಸರೆಲ್ಲ ಬಂದು ಫ್ಲ್ಯಾಟನ್ನು ತೊಳೆದು ಬಳಿದು ಲಕಲಕ ಮಾಡಿದ್ದರು. ದೊಡ್ಡತ್ತೆ ಅತ್ತಿಗೆಯ ಕ್ಯಾಮೆರಾ ಚೀಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಇಟ್ಟಿದ್ದರು. ಊಟ ಮುಗಿಸಿ ಎಲ್ಲರೂ ಅಲ್ಲಲ್ಲಿ ಒರಗಿದ್ದಾಗ ನಾನು ಹಜಾರದ ಆ ಗೋಡೆಯ ಹತ್ತಿರ ಹೋದೆ. ಅಲ್ಲೂ ಆ ಚಿತ್ರವನ್ನು ಅತ್ತಿಗೆ ತಗ್ಗಿನಲ್ಲೇ ತೂಗುಹಾಕಿದ್ದರು. ಬಗ್ಗಿ ನೋಡಿದರೆ ಗಾಜಿನಲ್ಲಿ ಟ್ಯೂಬ್‌ಲೈಟು, ಅದರ ಕೆಳಗೆ ನನ್ನದೇ ಮುಖ. ಇಷ್ಟು ವರ್ಷ ನಾನು ನೋಡಿದ್ದು ಅದನ್ನೇ.

ಮೊಣಕಾಲೂರಿದೆ. ಟ್ಯೂಬ್‌ಲೈಟು ಜಾರಿಹೋಯಿತು. ಒದ್ದೆ ಬಿಲ್ಲು ಹೊಳೆಯಿತು. ಮೇಜಿನ ಕೆಳಗೆ, ಕಬ್ಬಿಣದ ಕಾಲುಗಳ ನಡುವಿನ ಕತ್ತಲಲ್ಲಿ, ಇನ್ನೂ ಕಪ್ಪಗೆ ಏನೋ ನಿಂತಿತ್ತು. ಗಿಡ್ಡಗೆ, ದುಂಡಗೆ, ಮೇಲ್ತುದಿ ಒಂದು ಕಡೆಗೆ ವಾಲಿದ ಹಾಗೆ. ಫ್ಲಾಸ್ಕಿರಬಹುದು. ಬಕೆಟ್ಟಿನ ನೆರಳೂ ಇರಬಹುದು. ಇಷ್ಟು ಆಧಾರದ ಮೇಲೆ ನನ್ನ ವಿದ್ಯಾರ್ಥಿಯೊಬ್ಬ ತೀರ್ಮಾನಕ್ಕೆ ಬಂದಿದ್ದರೆ ನಾನು ಅಂಕ ಕೊಡುತ್ತಿರಲಿಲ್ಲ.

ಅಣ್ಣನ ಮಗಳು ಬಂದು ಪಕ್ಕದಲ್ಲಿ ಕೂತಳು. "ಎನ್ನ ಪಾಕ್ಕರೀಂಗ ಚಿತ್ತಪ್ಪಾ?"

"ಏನೂ ನೋಡ್ತಿಲ್ಲಮ್ಮಾ, ಸುಮ್ನೆ."

ಅವಳದು ಚುರುಕು ಕಣ್ಣು, ಅಮ್ಮನ ಕಣ್ಣು. ಆ ಕಪ್ಪಗಿರುವುದು ಏನು ಎಂದು ಕೇಳಿದ್ದರೆ ನೋಡಿ ಹೇಳಿಬಿಡುತ್ತಿದ್ದಳು. ಬಾಯಿಯವರೆಗೆ ಬಂತು. ಕೇಳಲಿಲ್ಲ.

ಎದ್ದು ನಿಂತೆ. ಬೆಳಗಿನ ಹೋಮದ ಬೂದಿ ನೆಲದಲ್ಲಿ ಇನ್ನೂ ಎಲ್ಲೋ ಉಳಿದಿತ್ತೆಂದು ಕಾಣುತ್ತದೆ. ನನ್ನ ಬಿಳಿ ಪಂಚೆಯ ಮೇಲೆ ಎರಡು ದುಂಡು ಕಲೆಗಳು. ಎದುರಿಗೆ ಗೋಡೆಗೊರಗಿ ಕೂತಿದ್ದ ಅಣ್ಣ ಅವನ್ನೇ ನೋಡುತ್ತಿದ್ದ. ಒರೆಸಿಕೋ ಎನ್ನುವವನ ಹಾಗೆ ಕೈ ಎತ್ತಿದ, ಮತ್ತೆ ಇಳಿಸಿದ. ನಾನೂ ಒರೆಸಿಕೊಳ್ಳಲಿಲ್ಲ.